ಕಸ್ಮಿನಿಯ ಬೆನ್ನಿಗೆ ನಾಣ್ಯ ಎಳೆದವರು

ಒಂದೇ ಅಂಗಳ, ಎರಡು ಮನೆ. ಬಾವಿಯ ಆಚೆ ಅತ್ತೆ ದಾರ್ಸಿ, ಈಚೆ ಸೊಸೆ ಕಸ್ಮಿನಿ. ಇಬ್ಬರೂ ಗಂಡನನ್ನು ಕಳೆದುಕೊಂಡವರು. ಒಬ್ಬರಿಗೊಬ್ಬರು ಬಿಟ್ಟರೆ ಊರಲ್ಲಿ ಬೇರೆ ಯಾರೂ ಇಲ್ಲದವರು. ಆದರೂ ಅವರ ನಡುವೆ ಮಾತು ನಿಂತು ವರ್ಷಗಳೇ ಆಗಿದ್ದವು. ಕುಡುಸ್ ಪಟ್ಟಣದ ಆ ಓಣಿಯಲ್ಲಿ ಚಿಕ್ಕ ಮಕ್ಕಳಿಗೂ ಈ ಸಂಗತಿ ಗೊತ್ತಿತ್ತು.

ಜಗಳ ಹುಟ್ಟಿದ್ದು ಒಂದು ಬೆಳವದ ಹಕ್ಕಿಯಿಂದ. ಕಸ್ಮಿನಿಯ ಗಂಡ ಪಾರ್ನೋ ಅದನ್ನು ಪಂಜರದಲ್ಲಿಟ್ಟು ಮಗುವಿನ ಹಾಗೆ ಸಾಕಿದ್ದ. ಅವನು ಸತ್ತ ಮೇಲೂ ಅದು ಬೆಳಗಾದರೆ ಸೂರಿನ ಕೆಳಗೆ ಕೂತು ಕೂಗುತ್ತಿತ್ತು. ಆ ಕೂಗು ಕೇಳಿದರೆ ಕಸ್ಮಿನಿಗೆ ಗಂಡ ಇನ್ನೇನು ಎದ್ದು ಬಂದು ಹಕ್ಕಿಗೆ ನೀರಿಡುತ್ತಾನೆ ಅನ್ನಿಸಿ ಕರುಳು ಹಿಂಡುತ್ತಿತ್ತು. ಅದೇ ಕೂಗಿಗೆ ದಾರ್ಸಿ ಬೆಳಿಗ್ಗೆ ಬೇಗ ಎದ್ದು ಕಾದು ಕೂರುತ್ತಿದ್ದಳು, ಮಗ ಇಲ್ಲೇ ಎಲ್ಲೋ ಇದ್ದಾನೆ ಅನ್ನುವ ಸಮಾಧಾನಕ್ಕೆ. ಒಬ್ಬರ ಮನಸ್ಸು ಇನ್ನೊಬ್ಬರಿಗೆ ತಿಳಿದಿರಲಿಲ್ಲ. ಒಂದು ಬೆಳಿಗ್ಗೆ ಕಸ್ಮಿನಿ ಪಂಜರದ ಬಾಗಿಲು ತೆಗೆದುಬಿಟ್ಟಳು. ಹಕ್ಕಿ ಸೀಬೆ ಮರದ ಮೇಲೆ ಸ್ವಲ್ಪ ಹೊತ್ತು ಕೂತು ಆಮೇಲೆ ಹಾರಿಹೋಯಿತು. "ನಾನು ಸಾಯೋ ತನಕ ಅವಳ ಹೊಸಿಲು ತುಳಿಯಲ್ಲ" ಎಂದು ದಾರ್ಸಿ ಓಣಿಯವರ ಮುಂದೆ ಹೇಳಿದಳು. ಕಸ್ಮಿನಿಯೂ ಹಟದಲ್ಲಿ ಅತ್ತೆಗೆ ತಕ್ಕ ಸೊಸೆ.

ಹಾಗೆಂದು ಒಂದೇ ಅಂಗಳದಲ್ಲಿ ಬಾಳುವವರು ಪೂರ್ತಿ ಬಾಯಿ ಕಟ್ಟಿಕೊಂಡು ಇರಲಾದೀತೇ? ಹೇಳಲೇಬೇಕಾದದ್ದನ್ನು ಕೋಳಿಗೆ ಹೇಳುತ್ತಿದ್ದರು. "ಏ ಕೆಂಪಿ, ಮಳೆ ಬರೋ ಹಾಗಿದೆ, ಯಾರ್ಯಾರ ಬಟ್ಟೆ ಹೊರಗಿದೆಯೋ ನೋಡ್ಕೊಳ್ಳಲಿ" ಎಂದು ಅತ್ತೆ ಕೋಳಿಯ ಕಡೆ ತಿರುಗಿ ಹೇಳಿದರೆ ಸೊಸೆ ಬಂದು ಬಟ್ಟೆ ತೆಗೆಯುತ್ತಿದ್ದಳು.

ಇನ್ನೊಂದು ಸಂಗತಿಯಿತ್ತು. ಅದು ಓಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕಸ್ಮಿನಿ ಲವಂಗದ ಸಿಗರೇಟಿನ ಕಾರ್ಖಾನೆಯಲ್ಲಿ ಸುತ್ತುವ ಕೆಲಸ ಮಾಡುತ್ತಿದ್ದಳು. ದೊಡ್ಡ ಹಜಾರದಲ್ಲಿ ಸಾಲು ಸಾಲಾಗಿ ಜೋಡಿ ಹೆಂಗಸರು. ಒಬ್ಬಳು ಮರದ ಹಿಡಿ ಎಳೆದು ಸುತ್ತುವವಳು, ಪಕ್ಕದಲ್ಲಿ ಕೂತವಳು ತುದಿಗೆ ಇಣುಕುವ ಹೊಗೆಸೊಪ್ಪನ್ನು ಕತ್ತರಿಯಿಂದ ಸವರುವವಳು. ಹಿಡಿಯನ್ನು ಬಲಗೈಯಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ, ಹಿಂದಕ್ಕೆ ಮುಂದಕ್ಕೆ, ಬೆಳಗಿನಿಂದ ಮಧ್ಯಾಹ್ನದವರೆಗೆ ಕತ್ತು ಬಗ್ಗಿಸಿಕೊಂಡು ಅದೇ ಕೆಲಸ. ಮನೆಗೆ ಬರುವ ಹೊತ್ತಿಗೆ ಭುಜದಲ್ಲಿ ಕೆಂಡ ಇಟ್ಟ ಹಾಗಾಗುತ್ತಿತ್ತು. ಅಲ್ಲಿಯ ಜನ ಅದಕ್ಕೆ ಹೇಳುವುದು ಒಂದೇ ಮಾತು: ಮೈಗೆ ಗಾಳಿ ಹೊಕ್ಕಿದೆ. ಮದ್ದೂ ಒಂದೇ: ಬೆನ್ನಿಗೆ ಎಣ್ಣೆ ಸವರಿ, ಹಳೆಯ ನಾಣ್ಯದ ಅಂಚಿನಿಂದ ಬೆನ್ನುಮೂಳೆಯಿಂದ ಪಕ್ಕೆಯ ಕಡೆಗೆ ಎಳೆಯಬೇಕು. ಕೆಂಪು ಬರೆ ಮೂಡಿದರೆ ಗಾಳಿ ಹೊರಟಿತು ಎಂದು ಲೆಕ್ಕ.

ತನ್ನ ಬೆನ್ನಿಗೆ ತಾನೇ ನಾಣ್ಯ ಎಳೆದುಕೊಳ್ಳಲು ಯಾರಿಗೆ ಸಾಧ್ಯ? ಒಂದು ಸಂಜೆ ಜ್ವರ ಬಂದಂತಾಗಿ ಕಸ್ಮಿನಿ ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಮಣೆ ಹಾಕಿಕೊಂಡು, ಕೈ ಹಿಂದೆ ತಿರುಚಿ ಒದ್ದಾಡುತ್ತಿದ್ದಳು. ನಾಣ್ಯ ಕೈಜಾರಿ ನೆಲಕ್ಕೆ ಬಿತ್ತು. ಅದನ್ನು ಎತ್ತಿದ್ದು ಬೇರೊಂದು ಕೈ. ದಾರ್ಸಿ ಒಂದು ಮಾತೂ ಆಡದೆ ಹಿಂದೆ ಕೂತು, ಎಣ್ಣೆ ಸವರಿ, ನಾಣ್ಯ ಎಳೆದಳು. ಮುಗಿದ ಮೇಲೆ ಹೆಗಲ ವಸ್ತ್ರದಿಂದ ಬೆನ್ನು ಒರೆಸಿ ಎದ್ದುಹೋದಳು. ಜಗಲಿಗೆ ಹೊಸಿಲು ಇರಲಿಲ್ಲವಾದ್ದರಿಂದ ಆಣೆಯೂ ಮುರಿದಿರಲಿಲ್ಲ.

ಅಂದಿನಿಂದ ಅದೊಂದು ವಾಡಿಕೆಯಾಯಿತು. ಕಸ್ಮಿನಿ ಜಗಲಿಯಲ್ಲಿ ಮಣೆ ಇಟ್ಟರೆ ದಾರ್ಸಿ ಎಣ್ಣೆ ಬಟ್ಟಲು ಹಿಡಿದು ಬರುವಳು. ಮಾತಿಲ್ಲ, ಕತೆಯಿಲ್ಲ. ನಾಣ್ಯ ಚರ್ಮದ ಮೇಲೆ ಸರಿಯುವ ಸದ್ದು ಮಾತ್ರ.

ಹೀಗೆ ವರ್ಷಗಳು ಕಳೆದ ಮೇಲೆ ಸೆಮರಾಂಗ್‌ನಿಂದ ಲಾರಾಸತಿ ಎಂಬ ಹುಡುಗಿ ಕಾರ್ಖಾನೆಗೆ ಬಂದಳು. ಕೀಲು, ಸ್ನಾಯುಗಳ ಚಿಕಿತ್ಸೆ ಕಲಿತವಳು. ಅವಳ ಹತ್ತಿರ ಮೈಯ ಶಾಖ ನೋಡುವ ಕ್ಯಾಮೆರಾ ಇತ್ತು. ಕೆಲಸದಿಂದ ಯಾರಿಗೆ ಎಲ್ಲಿ ಪೆಟ್ಟಾಗುತ್ತಿದೆ ಅನ್ನುವುದನ್ನು ಅದು ನೋವು ಬಲಿಯುವ ಮೊದಲೇ ತೋರಿಸಬಲ್ಲದು ಎಂದಳು. ಮುಂದೆ ಕೂತರೆ ಸಾಕು, ಮುಟ್ಟುವುದಿಲ್ಲ, ಚುಚ್ಚುವುದಿಲ್ಲ. ಒಂದೇ ಷರತ್ತು: ಹಿಂದಿನ ದಿನ ಮುಲಾಮು ಹಚ್ಚಬಾರದು, ಮೈ ಒತ್ತಿಸಿಕೊಳ್ಳಬಾರದು, ನಾಣ್ಯ ಎಳೆಸಿಕೊಳ್ಳಬಾರದು.

ಕಸ್ಮಿನಿ ಷರತ್ತನ್ನು ಸರಿಯಾಗಿಯೇ ಕೇಳಿಸಿಕೊಂಡಿದ್ದಳು. ಆದರೆ ಆ ಸಂಜೆ ಈರುಳ್ಳಿ ಸುಲಿಯಲೆಂದು ಜಗಲಿಯಲ್ಲಿ ಮಣೆ ಹಾಕಿ ಕೂತದ್ದೇ ತಡ, ಹಿಂದೆ ಎಣ್ಣೆಯ ವಾಸನೆ ಬಂತು. ಬೇಡ ಅನ್ನಬೇಕೆಂದರೆ ಮಾತಾಡಬೇಕು. ಕೋಳಿಗಳು ಗೂಡು ಸೇರಿದ್ದವು. ಅವಳು ಸುಮ್ಮನೆ ಬೆನ್ನು ಕೊಟ್ಟಳು.

ಮರುದಿನ ಕಾರ್ಖಾನೆಯ ವಿಶ್ರಾಂತಿ ಕೋಣೆಯಲ್ಲಿ ಹೆಂಗಸರು ಎದೆಗೆ ಸಾರೋಂಗ್ ಬಟ್ಟೆ ಬಿಗಿದುಕೊಂಡು, ಬೆನ್ನು ತೆರೆದು, ಮೈ ತಣಿಯಲೆಂದು ಕಾದು ಕೂತಿದ್ದರು. ಎಸಿ ಗಾಳಿಗೆ ಎಲ್ಲರಿಗೂ ನಡುಕ.

"ಮದುವೆ ದಿನ ಕೂಡ ನನ್ನನ್ನ ಇಷ್ಟು ಹೊತ್ತು ಕಾಯ್ಸಿರಲಿಲ್ಲ" ಎಂದಳು ರುಕಾಯಾ. ಅವಳು ಕಸ್ಮಿನಿಯ ಜೋಡಿ, ತುದಿ ಸವರುವವಳು. ಕೈಗಿಂತ ಬಾಯಿ ಚುರುಕು.

ಕಸ್ಮಿನಿಯ ಸರದಿ ಬಂತು. ಲಾರಾಸತಿ ಕ್ಯಾಮೆರಾ ಹಿಡಿದಳು. ಪಕ್ಕದ ಪರದೆಯ ಮೇಲೆ ಕಸ್ಮಿನಿಯ ಬೆನ್ನು ಮೂಡಿತು. ತಣ್ಣಗಿರುವಲ್ಲಿ ನೀಲಿ, ಬಿಸಿ ಇರುವಲ್ಲಿ ಕೆಂಪು ಹಳದಿ ಕಾಣಬೇಕಿತ್ತು. ಕಂಡದ್ದು ಮಾತ್ರ ಬೆನ್ನುಮೂಳೆಯ ಎರಡೂ ಕಡೆಗೆ ಸಾಲಾಗಿ ಇಳಿದ, ಉರಿಯುವ ಗೆರೆಗಳು. ತಾಳೆಗರಿಯನ್ನು ಬೆಂಕಿಯಲ್ಲಿ ಅದ್ದಿ ಬೆನ್ನಿಗೆ ಒತ್ತಿದ ಹಾಗಿತ್ತು.

ಕೋಣೆಯಲ್ಲಿ ನಗು ಕಟ್ಟೆಯೊಡೆಯಿತು.

"ಯೂ ಕಸ್ಮಿನಿ, ಇದೇನಿದು ಹುಲಿ ಹುಟ್ಟಿದೆ ನಿಮ್ಮ ಬೆನ್ನಲ್ಲಿ?" ಎಂದಳು ರುಕಾಯಾ. ಅಕ್ಕನ ಸಮಾನಳಾದ ಕಸ್ಮಿನಿಯನ್ನು ಅವಳು ಯೂ ಎಂದೇ ಕರೆಯುತ್ತಿದ್ದಳು. "ಅಲ್ಲಾ, ಒಂಟಿ ಮನೇಲಿ ಇರೋರು. ಬೆನ್ನಿಗೆ ಇಷ್ಟು ನೇರವಾಗಿ ಎಳೆದೋರು ಯಾರು ಅಂತ?"

"ಗೋಡೆಗೆ ಉಜ್ಜಿಕೊಂಡೆ" ಎಂದಳು ಕಸ್ಮಿನಿ.

"ಗೋಡೆಗೆ ಕೈ ಬಂದಿದೆಯಾ? ನಮ್ಮನೆ ಗೋಡೆಗೂ ಸ್ವಲ್ಪ ಕಲಿಸಿಕೊಡಿ."

ಹಿಂದಿನಿಂದ ಇನ್ನೊಬ್ಬಳು ಹೇಳಿದಳು, "ಗೇಟಿನ ಹತ್ತಿರ ಎಮ್ಮೆ ಮಾಂಸದ ಸೋತೋ ಸಾರು ಮಾರ್ತಾನಲ್ಲ ಸಾಕ್ರಿ, ಅವನು ಇವರ ಬಟ್ಟಲಿಗೆ ಮಾತ್ರ ಎರಡು ತುಂಡು ಜಾಸ್ತಿ ಹಾಕೋದು ನಾನೇ ನೋಡಿದೀನಿ. ಪಾಪ, ಹೆಂಡ್ತಿ ಸತ್ತು ಅವನಿಗೂ ಕೈ ಖಾಲಿ."

ಅಷ್ಟು ಸಾಕಾಯಿತು. ಸಾಕ್ರಿಯ ಹೆಸರು ಕೋಣೆಯ ತುಂಬ ಓಡಾಡಿತು. ಕಸ್ಮಿನಿಯ ಕಿವಿ ಬಿಸಿಯಾಯಿತು. ಅತ್ತೆ ಎಳೆದದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಓಣಿಯವರ ಮುಂದೆ ಆಣೆ ಹಾಕಿದ ಮುದುಕಿ, ಕದ್ದು ಬಂದು ಸೊಸೆಯ ಬೆನ್ನಿಗೆ ಎಣ್ಣೆ ಹಚ್ಚುತ್ತಾಳೆ ಎಂದು ಇವರೆಲ್ಲ ನಕ್ಕರೆ, ಅವಳು ಮತ್ತೆ ಬರುತ್ತಾಳೆಯೇ? ತನ್ನ ಮಾನ ಹೋದರೆ ಹೋಗಲಿ ಅನ್ನಿಸಿತು.

ಲಾರಾಸತಿ ಒಬ್ಬಳು ನಗಲಿಲ್ಲ. "ಈ ಗೆರೆಗಳ ಬಿಸಿಯಲ್ಲಿ ಒಳಗಿನ ಬಿಸಿ ಮುಚ್ಚಿಹೋಗಿದೆ. ಏನೂ ತಿಳಿಯಲ್ಲ. ಬರೋ ಮಂಗಳವಾರ ಇನ್ನೊಂದು ಸಲ ನೋಡೋಣ. ಅಲ್ಲಿವರೆಗೆ ನಾಣ್ಯ ಬೇಡಮ್ಮ" ಎಂದಳು.

ಆ ಸಂಜೆ ಕಸ್ಮಿನಿ ಮಣೆಯನ್ನು ಒಳಗಿಟ್ಟಳು. ಬಾಗಿಲ ಸಂದಿಯಿಂದ ನೋಡಿದರೆ ದಾರ್ಸಿ ಎಣ್ಣೆ ಬಟ್ಟಲು ಹಿಡಿದು ಬಾವಿಕಟ್ಟೆಯ ಹತ್ತಿರ ನಿಂತಿದ್ದಳು. ಜಗಲಿ ಬರಿದಾಗಿರುವುದನ್ನು ಕಂಡು, ಬಾವಿಗೆ ಏನೋ ಕೆಲಸಕ್ಕೆ ಬಂದವಳಂತೆ ಹಗ್ಗ ಮುಟ್ಟಿ, ಹಿಂತಿರುಗಿದಳು. ಮರುದಿನವೂ ಹಾಗೆಯೇ. ಅದರ ಮರುದಿನ ಬಟ್ಟಲಿಲ್ಲದೆ ಬಂದು, ಜಗಲಿಯನ್ನು ನೋಡಿ ಹೋದಳು. ಅತ್ತೆಯ ಬೆನ್ನು ಅಷ್ಟು ಬಾಗಿದೆಯೆಂದು ಕಸ್ಮಿನಿ ಗಮನಿಸಿದ್ದೇ ಆಗ.

ಊರ ಬಾಯಿಗೆ ಮುಚ್ಚಳವಿಲ್ಲ. ತರಕಾರಿಯವಳ ಬುಟ್ಟಿಯ ಜೊತೆ ಸಾಕ್ರಿಯ ಸುದ್ದಿಯೂ ಓಣಿಗೆ ಬಂತು. ಆ ಬೆಳಿಗ್ಗೆ ದಾರ್ಸಿ ಕೋಳಿಗಳಿಗೆ ಕಾಳು ಚೆಲ್ಲುತ್ತ ಕೂತಳು. ಕಸ್ಮಿನಿ ಬಟ್ಟೆ ಹಿಂಡುತ್ತಿದ್ದಳು. ರಜೆಯ ದಿನ.

"ಕೇಳಿದೆಯಾ ಕೆಂಪಿ" ಎಂದಳು ದಾರ್ಸಿ. "ಕೆಲವರಿಗೆ ಹೊಸ ಕೈ ಸಿಕ್ಕಿದೆಯಂತೆ. ಸೋತೋ ಕುದಿಸೋ ಕೈ. ಒಳ್ಳೇದೇ ಆಯ್ತು ಬಿಡು. ಮುದುಕಿ ಕೈ ಯಾರಿಗೆ ಬೇಕು, ಒಣಗಿದ ತೆಂಗಿನ ಗರಿ ಇದ್ದ ಹಾಗೆ."

ಕಸ್ಮಿನಿ ಕೈಯಲ್ಲಿದ್ದ ಬಟ್ಟೆ ಬಿಟ್ಟಳು. "ಕೆಂಪಿ, ಹೇಳಿಕೆ ಮಾತು ಕೇಳೋರಿಗೆ ಹೇಳು. ಕಾರ್ಖಾನೆಗೆ ಒಂದು ಕ್ಯಾಮೆರಾ ಬಂದಿದೆ. ಮೈ ಶಾಖ ನೋಡಿ ನೋವು ಎಲ್ಲಿದೆ ಅಂತ ಹೇಳುತ್ತೆ. ನಾಣ್ಯ ಎಳೆದಿದ್ರೆ ಬರೀ ಗೆರೆ ಕಾಣುತ್ತೆ, ನೋವು ಕಾಣಲ್ಲ. ಅದಕ್ಕೇ ಬೇಡ ಅಂದಿದಾರೆ. ಸಾಕ್ರಿನೂ ಇಲ್ಲ, ಗೀಕ್ರಿನೂ ಇಲ್ಲ. ಇನ್ನು ಯಾರು ಎಳೆದ್ರು ಅಂತ ಅಷ್ಟು ಜನ ಕೇಳಿದ್ರೂ ನಾನು..."

ಮಾತು ಅರ್ಧದಲ್ಲಿರುವಾಗ ಕೆಂಪಿ ಕಾಳು ಮುಗಿಸಿ ಬೇಲಿಯಾಚೆ ನಡೆದುಬಿಟ್ಟಿತು. ಉಳಿದ ಕೋಳಿಗಳೂ ಅದರ ಹಿಂದೆ ಹೋದವು. ಅಂಗಳದಲ್ಲಿ ಇಬ್ಬರೇ ಎದುರು ಬದುರು ಉಳಿದರು. ಯಾರ ಮುಖ ನೋಡಿ ಮಾತು ಮುಗಿಸುವುದೆಂದು ಕಸ್ಮಿನಿಗೆ ತೋಚಲಿಲ್ಲ. ದಾರ್ಸಿ ಎದ್ದು ಸಾರೋಂಗಿನ ಧೂಳು ಕೊಡವಿ ಒಳಗೆ ಹೋದಳು. ಬಾಗಿಲ ಹಿಂದಿನಿಂದ ದನಿ ಬಂತು, "ಯಾವತ್ತಂತೆ ಅದು, ಕೆಂಪಿ?"

"ಮಂಗಳವಾರ" ಎಂದಳು ಕಸ್ಮಿನಿ, ಬೇಲಿಯ ಕಡೆ ನೋಡುತ್ತ.

ನಾಣ್ಯವಿಲ್ಲದ ಆ ದಿನಗಳು ಕಷ್ಟದವು. ಎಣ್ಣೆಯ ತಂಪೂ ಆ ಕೈಯ ಸವರುವಿಕೆಯೂ ಇಲ್ಲದೆ ನೋವು ತನ್ನ ನಿಜರೂಪ ತೋರಿಸಿತು. ತುರುಬು ಕಟ್ಟಲು ಬಲಗೈ ಎತ್ತಿದರೆ ಕಿವಿಯವರೆಗೂ ಹೋಗುತ್ತಿರಲಿಲ್ಲ. ಬಾವಿಯಿಂದ ಕೊಡ ಎಳೆಯುವಾಗ ಕಣ್ಣಿಗೆ ಕತ್ತಲು ಬರುತ್ತಿತ್ತು. ಒಂದು ದಿನ ಕೆಲಸದಿಂದ ಬಂದಾಗ ಅವಳ ಹಂಡೆ ಕಂಠಮಟ್ಟ ತುಂಬಿತ್ತು. ಅಂಗಳದಲ್ಲಿ ಯಾರೂ ಇರಲಿಲ್ಲ. ಬಾವಿಯಿಂದ ಅವಳ ಬಾಗಿಲವರೆಗೆ ನೀರು ಚೆಲ್ಲಿದ ಗುರುತು ಮಾತ್ರ ಇತ್ತು, ಅಲ್ಲಲ್ಲಿ ನಿಂತು ಸುಧಾರಿಸಿಕೊಂಡವರ ಹಾಗೆ.

ಮಂಗಳವಾರ ಕಸ್ಮಿನಿ ಮತ್ತೆ ಆ ಕೋಣೆಯಲ್ಲಿ ಮೈ ತಣಿಸಿಕೊಳ್ಳುತ್ತ ಕೂತಿದ್ದಳು. ರುಕಾಯಾ ಬಾಗಿಲು ತಳ್ಳಿಕೊಂಡು ಬಂದಳು. ನಗು ತಡೆಯಲಾಗದೆ ಅವಳ ಮುಖ ಕೆಂಪಾಗಿತ್ತು.

"ಯೂ, ನಿಮ್ಮತ್ತೆ ಬಂದಿದಾರೆ. ಹಬ್ಬದ ಕೆಬಾಯ ರವಿಕೆ ಹಾಕ್ಕೊಂಡು, ಸೈಕಲ್ ರಿಕ್ಷಾದಲ್ಲಿ. ಇಳಿದೋರೇ ಸೀದಾ ಸಾಕ್ರಿ ಗಾಡಿ ಹತ್ರ ಹೋದ್ರು. 'ನೀನೇನಾ ನನ್ನ ಸೊಸೆ ಬೆನ್ನಿಗೆ ನಾಣ್ಯ ಎಳೆಯೋನು' ಅಂದ್ರು. ಅವನ ಕೈಯಿಂದ ಸೌಟೇ ಬಿತ್ತು. 'ಅಜ್ಜೀ, ಎಮ್ಮೆ ಬೆನ್ನು ಬಿಟ್ಟು ನಾನು ಯಾರ ಬೆನ್ನೂ ಮುಟ್ಟಿದೋನಲ್ಲ' ಅಂತಾನೆ. 'ಅದು ನನಗೂ ಗೊತ್ತು. ಇವರಿಗೆಲ್ಲ ಕೇಳೋ ಹಾಗೆ ಹೇಳು' ಅಂದ್ರು."

ಅವಳ ಮಾತು ಮುಗಿಯುವ ಮೊದಲೇ ದಾರ್ಸಿ ಒಳಗೆ ಬಂದಳು. ಪುಟ್ಟ ಮುದುಕಿ. ಬಿಳಿ ಕೂದಲನ್ನು ಬಿಗಿಯಾಗಿ ಬಾಚಿ ತುರುಬು ಕಟ್ಟಿದ್ದಳು. ಕೋಣೆಯಲ್ಲಿದ್ದ ಹೆಂಗಸರನ್ನೆಲ್ಲ ಒಂದು ಸುತ್ತು ನೋಡಿದಳು.

"ಇವಳ ಬೆನ್ನಿಗೆ ನಾಣ್ಯ ಎಳೀತಾ ಇದ್ದೋಳು ನಾನು" ಎಂದಳು. "ಅತ್ತೆ ಸೊಸೆ ಮಾತಾಡಲ್ಲ, ನಿಜ. ಮಾತಾಡೋದಕ್ಕೂ ಬೆನ್ನು ನೋಡೋದಕ್ಕೂ ಏನು ಸಂಬಂಧ? ಯಾರಿಗಾದರೂ ಇನ್ನೂ ಅನುಮಾನ ಇದ್ರೆ ಬೆನ್ನು ತಿರುಗಿಸಿ ಕೂತ್ಕೊಳ್ಳಿ. ನಾಣ್ಯ ತಂದಿದೀನಿ. ಗೆರೆ ತಾಳೆ ನೋಡಿ."

ಯಾರೂ ಬೆನ್ನು ತಿರುಗಿಸಲಿಲ್ಲ. ರುಕಾಯಾ ಮೆಲ್ಲಗೆ ಎದ್ದು ಕುರ್ಚಿ ಕೊಟ್ಟಳು. ಕಸ್ಮಿನಿ ತಲೆ ತಗ್ಗಿಸಿಕೊಂಡಿದ್ದಳು. ತಾನು ಅತ್ತೆಯ ಯಾವ ಮಾನವನ್ನು ಕಾಪಾಡಲೆಂದು ಬಾಯಿ ಬಿಗಿಹಿಡಿದಿದ್ದಳೋ, ಅದನ್ನೇ ಈ ಮುದುಕಿ ರಿಕ್ಷಾ ಹತ್ತಿ ಬಂದು ಎಲ್ಲರ ಮುಂದೆ ಸುರಿದುಬಿಟ್ಟಿದ್ದಳು, ಸೊಸೆಯ ಹೆಸರು ಉಳಿಸಲು. ಕಣ್ಣೀರು ಸಾರೋಂಗ್ ಮೇಲೆ ಬಿತ್ತು.

ಲಾರಾಸತಿ ಕ್ಯಾಮೆರಾ ಎತ್ತಿದಳು. ಈ ಸಲ ಗೆರೆಗಳಿರಲಿಲ್ಲ. ಎಡಗಡೆ ಬೆನ್ನು ಒಂದೇ ಸಮನೆ ಹಸಿರು, ನೀಲಿ. ಬಲಗಡೆ ಕತ್ತಿನ ಬುಡದಿಂದ ಭುಜದ ಹಲಗೆಯವರೆಗೆ ಕೆಂಪು ಹರಡಿಕೊಂಡಿತ್ತು, ನಟ್ಟನಡುವೆ ಒಂದು ಬಿಳಿಯ ಕಾವು. ಮೊಣಕೈ ಕೆಳಗೂ ಒಂದು ಕೆಂಪು ಪಟ್ಟಿ.

"ಬಲಗೈ ಮೇಲೆತ್ತಿ" ಎಂದಳು ಲಾರಾಸತಿ. ಕೈ ಅರ್ಧಕ್ಕೆ ನಿಂತಿತು. ಅವಳು ಭುಜವನ್ನು ಅಲ್ಲಲ್ಲಿ ಒತ್ತಿ, ಕೈ ತಿರುಗಿಸಿ ನೋಡಿದಳು. ಕಸ್ಮಿನಿ ತುಟಿ ಕಚ್ಚಿದಳು.

"ಇದು ಗಾಳಿಯಲ್ಲಮ್ಮ. ಹಿಡಿ ಎಳೆದೂ ಎಳೆದೂ ಈ ಸ್ನಾಯು ಒಳಗೊಳಗೇ ಬೇಯ್ತಾ ಇದೆ. ಎರಡು ಕಡೆ ತಾಳೆ ನೋಡಿದ್ರೆ ನಿಮಗೇ ಗೊತ್ತಾಗುತ್ತೆ. ಈಗ ಸಿಕ್ಕಿದ್ದು ಒಳ್ಳೇದಾಯ್ತು. ಹೀಗೇ ಬಿಟ್ಟಿದ್ರೆ ಕೈ ಎತ್ತೋದೇ ಆಗ್ತಿರಲಿಲ್ಲ."

ದಾರ್ಸಿ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋದಳು. ಆ ಕೆಂಪನ್ನು ನೋಡಿದಳು, ಸೊಸೆಯ ಬೆನ್ನನ್ನು ನೋಡಿದಳು. ಬರೀ ಕಣ್ಣಿಗೆ ಅಲ್ಲಿ ಏನೂ ಕಾಣುತ್ತಿರಲಿಲ್ಲ.

"ಹಾಗಾದ್ರೆ ನಾನು ಇಷ್ಟು ವರ್ಷ ಎಳೆದದ್ದು ದಂಡವಾ ತಾಯಿ? ಕೆಂಪಗೆ ಗೆರೆ ಬಂದ್ರೆ ಗಾಳಿ ಹೋಯ್ತು ಅಂದ್ಕೊಂಡು ಸಮಾಧಾನ ಮಾಡ್ಕೋತಿದ್ದೆ. ಒಳಗೆ ಹೀಗೆ ಉರೀತಾ ಇತ್ತಾ?"

"ನಿಮ್ಮಿಂದ ಕೆಟ್ಟದ್ದೇನೂ ಆಗಿಲ್ಲ ಅಜ್ಜಿ. ಸ್ವಲ್ಪ ಹೊತ್ತು ನೋವು ಮರೆತಿರ್ತಾರೆ. ರೋಗ ಮಾತ್ರ ಬೇರೆ."

ದಾರ್ಸಿಗೆ ಅದು ಕೇಳಿಸಿತೋ ಇಲ್ಲವೋ. ಅವಳು ಬಂದು ತನ್ನ ಅಂಗೈಯನ್ನು ಕಸ್ಮಿನಿಯ ಬಲಭುಜದ ಮೇಲೆ ಇಟ್ಟಳು. ಸ್ವಲ್ಪ ಹೊತ್ತು ಇಟ್ಟು ತೆಗೆದಳು. ಕ್ಯಾಮೆರಾ ಇನ್ನೂ ನಡೆಯುತ್ತಿತ್ತು. ಪರದೆಯ ಮೇಲೆ ಆ ಕೆಂಪಿನ ನಡುವೆ ಒಂದು ನೀಲಿ ಅಂಗೈ ಮೂಡಿತ್ತು, ಐದೂ ಬೆರಳು ಸಮೇತ. ವಯಸ್ಸಾದವಳ ತಣ್ಣನೆಯ ಕೈ. ಎಲ್ಲರೂ ನೋಡುತ್ತಿರುವಾಗಲೇ ಬೆರಳುಗಳು ತುದಿಯಿಂದ ಕರಗತೊಡಗಿದವು.

"ಮಾಕ್" ಎಂದಳು ಕಸ್ಮಿನಿ. ಅತ್ತೆಯನ್ನು ಹಾಗೆ ಕರೆದು ಎಷ್ಟೋ ಕಾಲವಾಗಿತ್ತು. "ಕೈ ತಂಪಾಗಿದೆ. ಇನ್ನೂ ಸ್ವಲ್ಪ ಹೊತ್ತು ಇಟ್ಟಿರಿ."

"ಮುಟ್ಟಿದ್ರೆ ಚಿತ್ರ ಕೆಡುತ್ತೆ" ಎಂದಳು ಲಾರಾಸತಿ.

"ನಿನ್ನ ಚಿತ್ರ ಆಯ್ತಲ್ಲ ತಾಯಿ" ಎಂದು ದಾರ್ಸಿ ಕೈಯನ್ನು ಮತ್ತೆ ಅಲ್ಲೇ ಇಟ್ಟಳು.

ಮೇಲ್ವಿಚಾರಕಿ ಬಂದಳು, ಲಾರಾಸತಿಯ ಜೊತೆ ಮಾತಾಡಿದಳು. ಬಲಭುಜ ಕೆಂಪಾಗಿ ಕಂಡವರು ಕಸ್ಮಿನಿಯೊಬ್ಬಳೇ ಅಲ್ಲ, ಸುತ್ತುವವರಲ್ಲಿ ಅರ್ಧಕ್ಕರ್ಧ ಮಂದಿ ಹಾಗೆಯೇ ಇದ್ದರು. ಕೊನೆಗೆ ಜೋಡಿಯವರು ದಿನದ ನಡುವೆ ಕೆಲಸ ಅದಲು ಬದಲು ಮಾಡಿಕೊಳ್ಳಬೇಕೆಂದೂ ಬೆಂಚುಗಳನ್ನು ಎತ್ತರ ಮಾಡಿಸಬೇಕೆಂದೂ ತೀರ್ಮಾನವಾಯಿತು. ಕಸ್ಮಿನಿಗೆ ಭುಜ ಸುಧಾರಿಸುವವರೆಗೆ ಹಿಡಿ ಮುಟ್ಟಬೇಡ ಎಂದರು. ರುಕಾಯಾ ಸುತ್ತಿದ ಸಿಗರೇಟುಗಳು ಮೊದಮೊದಲು ಹೊಟ್ಟೆ ದಪ್ಪವಾಗಿ ಕಾಲು ಸಣ್ಣಗಾಗಿ ಬಂದವು. "ಇದನ್ನ ಸೇದೋನಿಗೆ ಅರ್ಧದಲ್ಲೇ ಬೇಜಾರಾಗುತ್ತೆ" ಎಂದು ಕಸ್ಮಿನಿ ಕತ್ತರಿ ಆಡಿಸುತ್ತ ಹೇಳಿದಳು. "ಗೋಡೆ ಕೈಯಲ್ಲಿ ಸುತ್ತಿಸಿ ಹಾಗಾದ್ರೆ" ಎಂದಳು ರುಕಾಯಾ.

ಆ ಮಂಗಳವಾರ ಅತ್ತೆ ಸೊಸೆ ಒಂದೇ ರಿಕ್ಷಾದಲ್ಲಿ ಮನೆಗೆ ಹೊರಟರು. ಕಿರಿದಾದ ಸೀಟು, ಮೊಣಕೈಗೆ ಮೊಣಕೈ ತಾಗುತ್ತಿತ್ತು. ಸೇತುವೆ ದಾಟಿದ ಮೇಲೆ ದಾರ್ಸಿ ರಸ್ತೆ ನೋಡುತ್ತಲೇ ಹೇಳಿದಳು:

"ಆ ಹಕ್ಕಿ ಕೂಗಿದ್ರೆ ನನಗೆ ಅವನು ಇದಾನೆ ಅನ್ನಿಸ್ತಿತ್ತು."

"ನನಗೂ ಅದೇ ಮಾಕ್. ಅದಕ್ಕೇ ತಡ್ಕೊಳ್ಳೋಕಾಗ್ಲಿಲ್ಲ."

ರಿಕ್ಷಾದವನು ಗಂಟೆ ಬಾರಿಸಿ ಒಂದು ಮೇಕೆಯನ್ನು ದಾರಿಯಿಂದ ಸರಿಸಿದ.

"ಆಗಲೇ ಹೇಳಬಾರದಿತ್ತಾ?"

"ನೀವು ಕೇಳಿದ್ರಾ?"

ದಾರ್ಸಿ ಕಸ್ಮಿನಿಯ ಬಲಗೈಯನ್ನು ಎತ್ತಿ ತನ್ನ ತೊಡೆಯ ಮೇಲಿಟ್ಟುಕೊಂಡಳು, ರಿಕ್ಷಾ ಕುಲುಕಿದರೆ ಭುಜಕ್ಕೆ ಪೆಟ್ಟಾಗದ ಹಾಗೆ.

ಲಾರಾಸತಿ ಕಲಿಸಿದ ವ್ಯಾಯಾಮಗಳಲ್ಲಿ ಒಂದು, ಗೋಡೆಯ ಮುಂದೆ ನಿಂತು ಬೆರಳುಗಳನ್ನು ಜೇಡದಂತೆ ಮೇಲಕ್ಕೆ ಹತ್ತಿಸುವುದು. ಅದನ್ನು ಮಾಡಿಸುವ ಹೊಣೆ ದಾರ್ಸಿ ತಾನೇ ವಹಿಸಿಕೊಂಡಳು. ಹೊಸಿಲು ದಾಟಿ ಒಳಗೇ ಬಂದು ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಆಣೆಯ ಮಾತನ್ನು ಯಾರಾದರೂ ಎತ್ತಿದರೆ, "ಗೋಡೆ ಒಳಗಿದ್ರೆ ನಾನೇನು ಹೊರಗೆ ಕೂತು ನೋಡ್ಲಾ?" ಎಂದು ಗದರುತ್ತಿದ್ದಳು.

"ಇನ್ನೂ ಮೇಲೆ. ನಿನ್ನೆ ಆ ಕಲೆ ತನಕ ಹೋಗಿತ್ತು ಕೈ."

"ನೋಯ್ತಾ ಇದೆ ಮಾಕ್."

"ನೋಯಲಿ. ಆ ಹುಡುಗಿ ಸ್ವಲ್ಪ ನೋಯುತ್ತೆ ಅಂದಿದಾಳೆ. ಜಾಸ್ತಿ ನೋಯ್ತಾ, ಸ್ವಲ್ಪ ನೋಯ್ತಾ?"

"ಸ್ವಲ್ಪ."

"ಹಾಗಾದ್ರೆ ಬಾಯಿ ಮುಚ್ಕೊಂಡು ಹತ್ತಿಸು."

ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ದಾರ್ಸಿಯ ಬಾಯಿಂದ ಒಂದೇ ಸಮನೆ ಹೊರಬೀಳುತ್ತಿತ್ತು. ಪಿಂಡಾಂಗ್ ಸಾರಿಗೆ ಉಪ್ಪು ಹೆಚ್ಚು, ಪೊರಕೆ ಮೂಲೆಯಲ್ಲಿಟ್ಟದ್ದು ತಪ್ಪು, ಪಾರ್ನೋ ಚಿಕ್ಕವನಿದ್ದಾಗ ಹೀಗೆ ಮಾಡುತ್ತಿದ್ದ, ಹಾಗೆ ಬೀಳುತ್ತಿದ್ದ. ಕಸ್ಮಿನಿಯೂ ಎದುರು ಮಾತಾಡುತ್ತಿದ್ದಳು. ಆ ಅಂಗಳದಲ್ಲಿ ಮೊದಲೇ ಶಾಂತಿ ಇತ್ತು ಎಂದು ಪಕ್ಕದ ಮನೆಯವರು ಗೊಣಗಿದರು. ಮತ್ತೊಮ್ಮೆ ಲಾರಾಸತಿ ಕ್ಯಾಮೆರಾ ತಂದಾಗ ಬೆನ್ನ ಮೇಲಿನ ಕೆಂಪು ಕುಗ್ಗಿ ಭುಜದ ತುದಿಯಲ್ಲಿ ಮಾತ್ರ ಉಳಿದಿತ್ತು. ಪೂರ್ತಿ ಹೋಗಿರಲಿಲ್ಲ. ಈ ವಯಸ್ಸಿಗೆ ಪೂರ್ತಿ ಹೋಗದಿರಬಹುದು ಎಂದೂ ಅವಳು ಮುಚ್ಚುಮರೆಯಿಲ್ಲದೆ ಹೇಳಿದಳು.

ಮಳೆಗಾಲ ಮುಗಿಯುತ್ತ ಬಂದಾಗ ದಾರ್ಸಿ ತಂಗಿಯನ್ನು ನೋಡಲು ಡೆಮಾಕ್‌ಗೆ ಹೋದಳು. ಕಸ್ಮಿನಿಗೆ ಮೊದಲ ದಿನ ಹಾಯೆನಿಸಿತು. ಎರಡನೆಯ ದಿನ ಸಾರಿಗೆ ಉಪ್ಪು ಹಾಕಿ, ಹೆಚ್ಚಾಯಿತೇ ಎಂದು ಕೇಳಲು ತಿರುಗಿದರೆ ಯಾರೂ ಇರಲಿಲ್ಲ. ವ್ಯಾಯಾಮವನ್ನೂ ಮಾಡಲಿಲ್ಲ. ಮರುದಿನ ಮಧ್ಯಾಹ್ನ ದಾರ್ಸಿ ಒಂದು ಚೀಲ ಸೀಬೆಹಣ್ಣು ಹೊತ್ತುಕೊಂಡು ಬಸ್ಸಿನಿಂದ ಇಳಿದಳು. ನಿಲ್ದಾಣದಲ್ಲಿ ಕಾಯುತ್ತಿದ್ದ ಕಸ್ಮಿನಿ ಚೀಲಕ್ಕೆ ಕೈ ಚಾಚಿದಳು.

"ಎಡಗೈಲಿ ಹಿಡಿ" ಎಂದಳು ದಾರ್ಸಿ. "ಗೋಡೆ ಹತ್ತಿಸಿದೆಯಾ?"

"ಹತ್ತಿಸಿದೆ ಮಾಕ್."

ದಾರ್ಸಿ ಅವಳ ಮುಖವನ್ನು ಒಂದು ಗಳಿಗೆ ನೋಡಿದಳು. "ಸುಳ್ಳಿ" ಎಂದು ಹೇಳಿ, ಚೀಲದ ಇನ್ನೊಂದು ಹಿಡಿಯನ್ನು ತಾನೂ ಹಿಡಿದುಕೊಂಡಳು.